ಅರ್ಧಕ್ಕೆ ತಗೊಂಡ ಉಸಿರು

ಪೇಟಿ ಮಾಸ್ತರರು ತೀರಿಕೊಂಡ ಮೇಲೆ ಮಸ್ಕಿಯ ಭಜನಾ ಮಂಡಳಿಯವರು ಒಂದು ಸಂತಾಪ ಸಭೆ ಇಟ್ಟುಕೊಂಡಿದ್ದರು. ಮೈಕ್‌ಸೆಟ್ ನನ್ನದೇ. ವೈರು ಎಳೆದು, ಹಾರ್ನ್ ಕಟ್ಟಿ, ಮೂಲೆಯಲ್ಲಿ ಆಂಪ್ಲಿಫೈಯರ್ ಮುಂದೆ ಕುಳಿತಿದ್ದವನನ್ನು ಎಬ್ಬಿಸಿ, "ನೀ ಅವರ ಜೋಡಿ ಭಾಳ ತಿರಗಿದಾವ, ಎರಡು ಮಾತು ಆಡು" ಎಂದರು. ಇಷ್ಟು ವರ್ಷಗಳಲ್ಲಿ ಮೈಕಿನಲ್ಲಿ ನಾನು ಆಡಿದ ಮಾತೆಂದರೆ "ಹಲೋ ಹಲೋ" ಒಂದೇ. ಅಂದೂ ಅಷ್ಟೇ ಆಯಿತು. ಹಲೋ ಎಂದೆ, ಬಂದು ಕುಳಿತೆ.

ನನಗಿಂತ ಮೊದಲು ಮಾತಾಡಿದವರು ಅವರನ್ನು ಸಂತರು ಎಂದಿದ್ದರು, ಭಾವೈಕ್ಯದ ಹರಿಕಾರ ಎಂದಿದ್ದರು. ಮಾಸ್ತರರು ಕೇಳಿದ್ದರೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಅವರು ಸಂತರಲ್ಲ. ಇಸ್ಪೀಟಿನಲ್ಲಿ ಮೋಸ ಮಾಡುತ್ತಿದ್ದರು. ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು. ಹಾಡುಗಾರರು ಖಾರ ಮುಟ್ಟಬಾರದು ಎನ್ನುತ್ತಾರಲ್ಲ, ಇವರು ಹಾಡುವುದಕ್ಕೆ ಮೊದಲು ಎರಡು ಮಿರ್ಚಿ ಭಜಿ ತಿನ್ನದೆ ಬಾಯಿ ತೆಗೆಯುತ್ತಿರಲಿಲ್ಲ. ಹಾರ್ಮೋನಿಯಂಗೆ ನಮ್ಮ ಕಡೆ ಪೇಟಿ ಎನ್ನುತ್ತಾರೆ. ಆ ಪೇಟಿಯನ್ನು ಜನ ಶಾಲು ಹೊದಿಸಿ ಪೂಜೆ ಮಾಡಿದರೆ, ಮಾಸ್ತರರು ಯೂರಿಯಾ ಗೊಬ್ಬರದ ಚೀಲದಲ್ಲಿ ಇಳಿಬಿಟ್ಟು ಬಸ್ಸಿನ ಮೇಲೆ ಎಸೆಯುತ್ತಿದ್ದರು. ಕೇಳಿದರೆ, "ಅದಕ್ಕ ಪೂಜಿ ಬ್ಯಾಡೋ, ಗಾಳಿ ಬೇಕು" ಎನ್ನುತ್ತಿದ್ದರು.

ಹೆಸರು ಬರೆಯುವುದಿಲ್ಲ. ಮಸ್ಕಿ, ಸಿಂಧನೂರು, ಲಿಂಗಸುಗೂರು, ಈ ಮೂರೂ ಕಡೆ ಅವರನ್ನು ಹೆಸರು ಹಿಡಿದು ಕರೆದವರನ್ನು ನಾನು ಕಂಡಿಲ್ಲ. ಮನೆತನದಿಂದ ಮುಸಲ್ಮಾನರು. ಅಣ್ಣನ ಮನೆ ಲಿಂಗಸುಗೂರಿನಲ್ಲಿ. ಮದುವೆ ಮಾಡಿಕೊಳ್ಳಲಿಲ್ಲ. ಮಸ್ಕಿಯಲ್ಲಿ ಒಂದು ಖೋಲಿ ಇತ್ತು, ಅದರಲ್ಲಿ ಅವರಿಗಿಂತ ಇಲಿಗಳೇ ಹೆಚ್ಚು ದಿನ ಇರುತ್ತಿದ್ದವು. ಇವತ್ತು ಗುರುಗುಂಟಾ ಎಂದರೆ ನಾಳೆ ಜವಳಗೇರಾ; ಕರೆದಲ್ಲಿಗೆ ಹೋಗುವುದು, ಹಾಡುವುದು, ಉಂಡು ಮುಂದಿನ ಬಸ್ಸು ಹತ್ತುವುದು.

ಕರೆ ಬರುತ್ತಿದ್ದುದು ಹೆಚ್ಚಾಗಿ ಸಾವಿನ ಮನೆಗಳಿಂದ. ನಮ್ಮ ಕಡೆ ಲಿಂಗವಂತರ ಮನೆಯಲ್ಲಿ ಯಾರಾದರೂ ಹೋದರೆ ಹೆಣವನ್ನು ಕೂರಿಸಿ, ಮಣ್ಣಿಗೆ ಒಯ್ಯುವ ತನಕ ಮುಂದೆ ಭಜನೆ ಮಾಡುತ್ತಾರೆ. ಆ ಭಜನೆಗೆ ಮಾಸ್ತರರೇ ಬೇಕು ಎನ್ನುವವರು ಬಹಳ ಜನ. ಅದಕ್ಕೆ ಅವರ ದನಿ ಒಂದು ಕಾರಣ, ಅವರ ಒಂದು ಪದ್ಧತಿ ಇನ್ನೊಂದು ಕಾರಣ. ಹೋದ ಕೂಡಲೇ ಅವರು ಚೀಲ ಬಿಚ್ಚುತ್ತಿರಲಿಲ್ಲ. ಒಳಗಿನ ಹೆಣ್ಣುಮಕ್ಕಳಲ್ಲಿ ಒಬ್ಬರನ್ನು ಕರೆದು, "ಯವ್ವಾ, ಇವರು ಏನ ಗುನುಗತಿದ್ರು?" ಎಂದು ಕೇಳುತ್ತಿದ್ದರು. ದೊಡ್ಡ ಹಾಡು ಬೇಡ, ಸ್ನಾನ ಮಾಡುವಾಗ, ಹಗ್ಗ ಹೊಸೆಯುವಾಗ, ರೊಟ್ಟಿ ಬಡಿಯುವಾಗ ಬಾಯಲ್ಲಿ ತಾನಾಗಿ ಬರುವಂಥದ್ದು. ಅದನ್ನು ಕೇಳಿ ತಿಳಿದುಕೊಂಡು, ಅದರಿಂದ ಶುರು ಮಾಡಿ, ಆಮೇಲೆ ಭಜನೆಗೆ ಬರುತ್ತಿದ್ದರು.

ಸಿಂಧನೂರಿನಲ್ಲಿ ಒಬ್ಬ ಕಿರಾಣಿ ವ್ಯಾಪಾರಿ ತೀರಿಕೊಂಡಾಗ ಮನೆಯವರು ಮುಖ ಮುಖ ನೋಡಿಕೊಂಡರು. ಕೊನೆಗೆ ಸೊಸೆ ನಾಚಿಕೊಂಡು, "ರೇಡಿಯೋದಾಗ ಹಲ್ಲಪುಡಿ ಜಾಹೀರಾತು ಬರತಿತ್ತಲ್ರಿ, ಅದು" ಎಂದಳು. ನಾನು ಆಂಪ್ಲಿಫೈಯರ್ ಹಿಂದೆ ಮುಖ ಮುಚ್ಚಿಕೊಂಡು ನಕ್ಕೆ. ಮಾಸ್ತರರು ನಗಲಿಲ್ಲ. ಆ ಜಾಹೀರಾತನ್ನೇ ಹಿಡಿದು, ನಿಧಾನಕ್ಕೆ ಇಳಿಸಿ, ಒಂದೊಂದು ಸ್ವರವನ್ನೂ ಎಳೆದು ನುಡಿಸಿದರು. ಅಲ್ಲಿಯ ತನಕ ಅಳದಿದ್ದ ಮುದುಕಿ ಆಗ ಬೋರಾಡಿ ಅತ್ತಳು. ಇನ್ನೊಂದು ಮನೆಯಲ್ಲಿ ಹೆಂಡತಿ, "ಹಾಡು ಎಲ್ಲಿದು ತಗೀರಿ, ಎತ್ತಿಗೆ ಬೈಯತಿದ್ದ, ಅಷ್ಟ" ಎಂದಳು. ಮಾಸ್ತರರು ಹೇಗೆ ಬೈಯುತ್ತಿದ್ದ ಎಂದು ಕೇಳಿ, ಆ ಬೈಗುಳದ ಎಳೆತವನ್ನೇ ಪೇಟಿಗೆ ತಂದರು. ಅಂದು ಮನೆಗೆ ಬಂದು ನನ್ನ ಹೆಂಡತಿಗೆ, "ನಾ ಸತ್ತಾಗ ಮಾಸ್ತರ ಕೇಳಿದ್ರ ಏನ ಹೇಳತಿ?" ಎಂದೆ. "ಹಲೋ ಹಲೋ ಅಂತಿದ್ದ ಅಂತ ಹೇಳತೀನಿ" ಎಂದಳು.

ಕೊನೆಗೆ ಹೆಣ ಎತ್ತುವ ಹೊತ್ತಿಗೆ ಅವರು ಹಾಡುತ್ತಿದ್ದುದು ಯಾವಾಗಲೂ ಒಂದೇ ಪದ. ಗುರುಗುಂಟಾದಲ್ಲಿ ಅವರು ಹುಡುಗನಾಗಿದ್ದಾಗ ಅವರಿಗೆ ಭಜನೆ ಕಲಿಸಿದ, ಗುಡಿಯ ಮೇಳದ ಅಜ್ಜ ತಾನೇ ಕಟ್ಟಿದ್ದ ಪದವದು. "ಬಿತ್ತಿದ ಹೊಲ ಬಿಟ್ಟು ಹೊತ್ತು ಹೋಗುವ ಮುಂದ ಊರ ಸೇರಬೇಕೋ ಅಣ್ಣ" ಎಂಬ ಪಲ್ಲವಿಯನ್ನು ಅವರು ಒಂದೇ ಉಸಿರಿನಲ್ಲಿ ಎತ್ತಿ, ಎಳೆದು, ಕೊನೆಯ ತನಕ ಒಯ್ದು ಇಳಿಸುತ್ತಿದ್ದರು. ಆ ಒಂದು ಉಸಿರಿಗಾಗಿಯೇ ದೂರದ ಊರುಗಳಿಂದ ಜನ ಬರುತ್ತಿದ್ದರು. ಮೈಕಿನ ಸದ್ದು ಕಡಿಮೆ ಮಾಡು ಎಂದು ಅವರು ನನಗೆ ಸನ್ನೆ ಮಾಡುತ್ತಿದ್ದುದೂ ಅಲ್ಲೇ. ಆ ಉಸಿರಿನ ಮೇಲೆ ಅವರಿಗೆ ಭಾರೀ ಸೊಕ್ಕಿತ್ತು.

ಕೆಲವು ವರ್ಷಗಳ ಹಿಂದೆ ಲಿಂಗಸುಗೂರಿನಲ್ಲಿ ಅವರ ತಾಯಿ ತೀರಿಕೊಂಡರು. ಮಾಸ್ತರರನ್ನು ನಾನೇ ನನ್ನ ಗೂಡ್ಸ್ ಗಾಡಿಯಲ್ಲಿ ಕರೆದೊಯ್ದೆ. ಅವರ ಮನೆಯಲ್ಲಿ ಸಾವಿನ ಹೊತ್ತಿಗೆ ಪೇಟಿ ನುಡಿಸುವ ಪದ್ಧತಿ ಇಲ್ಲ. ಯಾರೂ ಬೇಡ ಎನ್ನುವ ಮೊದಲೇ ಅವರು ಚೀಲವನ್ನು ಗಾಡಿಯಲ್ಲೇ ಬಿಟ್ಟು ಇಳಿದರು. ಮಣ್ಣು ಮುಗಿಸಿ ಬಂದು, ಸೀಟಿನಲ್ಲಿ ಕುಳಿತು, ಮಸ್ಕಿಗೆ ನಡಿ ಎಂದರು.

ನಲವತ್ತು ದಿನದ ಕಾರ್ಯ ಆದ ಮೇಲೆ ಮಸ್ಕಿಯಲ್ಲೇ ಒಂದು ಸಾವಿನ ಮನೆಗೆ ಕರೆದರು. ಬೆಳಿಗ್ಗೆಯೇ ಹೋದೆವು. ಎಂದಿನಂತೆ ಮಾಸ್ತರರು ಆ ಮನೆಯ ಸೊಸೆಯನ್ನು ಕೇಳಿದರು. ಆಕೆ ಹೇಳಿದಳು. ಹೇಳಿದವಳು ಒಳಗೆ ಹೋಗದೆ, ಕಣ್ಣೊರೆಸಿಕೊಂಡು, ಮರ್ಯಾದೆಗೆ ಕೇಳಿದಳು: "ನಿಮ್ಮ ತಾಯಿನೂ ಹೋದ್ರಂತಲ್ರಿ ಮಾಸ್ತರ. ಅವರು ಏನ ಗುನುಗತಿದ್ರು?"

ಮಾಸ್ತರರ ಕೈ ಚೀಲದ ಬಾಯಿಯ ಮೇಲಿತ್ತು, ಅಲ್ಲೇ ನಿಂತಿತು. ಅವರು ಆಕೆಯ ಮುಖ ನೋಡಿದರು, ಆಮೇಲೆ ನನ್ನ ಮುಖ ನೋಡಿದರು, ನಾನೇನೋ ಹೇಳಿಕೊಡುತ್ತೇನೆ ಎಂಬ ಹಾಗೆ. ಆಮೇಲೆ ಎದ್ದರು. ಅಷ್ಟು ಜನರ ನಡುವಿನಿಂದ, ಕೂರಿಸಿದ ಹೆಣದ ಮುಂದಿನಿಂದ, ಪೇಟಿ ಎತ್ತಿಕೊಂಡು ಹೊರಗೆ ನಡೆದುಬಿಟ್ಟರು. ನನಗೆ ಮೈಯೆಲ್ಲ ಬೆಂಕಿ ಹತ್ತಿತು. ಬೇರೆ ಹಾಡುಗಾರರನ್ನು ಕರೆಸಿ ಆ ಮನೆಯವರಿಗೆ ಸಮಾಧಾನ ಹೇಳುವಷ್ಟರಲ್ಲಿ ಸಾಕುಸಾಕಾಯಿತು.

ಸಂಜೆ ಖೋಲಿಗೆ ಹೋಗಿ ಬಾಯಿಗೆ ಬಂದಂತೆ ಬೈದೆ. ಮಾಸ್ತರರು ಎಲ್ಲ ಕೇಳಿಸಿಕೊಂಡು ಹೇಳಿದರು:

"ಊರ ಮಂದಿದೆಲ್ಲ ಕೇಳೀನಿ. ನಮ್ಮಮ್ಮ ಏನ ಗುನುಗತಿದ್ದಳು ಅಂತ ನನಗ ಗೊತ್ತಿಲ್ಲೋ. ಮತ್ತೊಬ್ಬರ ಮನಿಗೆ ಹೋಗಿ ಯಾವ ಬಾಯಿಲೆ ಕೇಳಲಿ? ಅದು ಗೊತ್ತಾಗೂ ತನಕ ಪೇಟಿ ಬಿಚ್ಚಂಗಿಲ್ಲ."

"ಗೊತ್ತಾಗದಿದ್ರ?"

"ಬಿಚ್ಚಂಗಿಲ್ಲ."

ಹಟದ ಮನುಷ್ಯ. ಹೇಳಿದರೆ ಹೇಳಿದ್ದೇ. ಪೇಟಿ ಬಿಟ್ಟರೆ ಅವರಿಗೆ ಜಗತ್ತಿನಲ್ಲಿ ಇನ್ನೊಂದು ಇಲ್ಲ ಎಂಬುದು ನನಗೆ ಗೊತ್ತಿತ್ತು. ಮರುದಿನ ಬೆಳಿಗ್ಗೆ ಅವರು ಬಂದು ನನ್ನ ಗಾಡಿ ಹತ್ತಿ, ಚೀಲವನ್ನು ಕಾಲ ನಡುವೆ ಇಟ್ಟುಕೊಂಡು, "ನಡಿ" ಎಂದಾಗ ನಾನು ಎಲ್ಲಿಗೆ ಎಂದು ಕೇಳಲೂ ಇಲ್ಲ. ತಾಯಿಯ ಬಾಯಿಂದ ಹಾಡು ಕೇಳಿದವರು ಯಾರಾದರೂ ಇದ್ದಾರೆಯೇ ಎಂದು ಹುಡುಕಲು ಹೊರಟಿದ್ದರು.

ಮೊದಲು ಲಿಂಗಸುಗೂರು. ಅಣ್ಣನದು ಟ್ರಂಕು, ತಗಡಿನ ಡಬ್ಬಿ ಮಾಡುವ ಅಂಗಡಿ, ಹಿಂದೆ ಮನೆ. ತಾಯಿ ಇದ್ದದ್ದು ಕೊನೆಯ ತನಕ ಅಲ್ಲೇ. ಅಣ್ಣ ಮೆಲುದನಿಯ, ಮಾತು ಕಡಿಮೆಯ ಮನುಷ್ಯ. ತಮ್ಮ ಬಂದ ಎಂದು ಚಹಾ ತರಿಸಿದರು. ಪ್ರಶ್ನೆ ಕೇಳಿದ ಮೇಲೆ ತಗಡಿನ ಅಂಚು ಮಡಿಚುತ್ತಿದ್ದ ಸುತ್ತಿಗೆ ಸ್ವಲ್ಪ ಹೊತ್ತು ನಿಂತಿತು.

"ಅಮ್ಮಾ ಹಾಡತಿದ್ದಿಲ್ಲ. ತಸಬಿ ಮಣಿ ಎಣಸಿಕೊಂತ ಕುಂದರತಿದ್ದಳು" ಎಂದರು.

"ನಳದಾಗ ನೀರು ಹಿಡಿಯೂ ಮುಂದ? ಭಾಂಡೆ ತಿಕ್ಕೂ ಮುಂದ?"

"ಇಲ್ಲೋ. ಹಾಡತಿದ್ದಿಲ್ಲ ಅಂದೆನಲ್ಲ." ಸುತ್ತಿಗೆ ಮತ್ತೆ ಶುರುವಾಯಿತು.

ಅಲ್ಲಿಂದ ಗುರುಗುಂಟಾ. ತಾಯಿಯ ತವರು ಅದು, ಮಾಸ್ತರರು ಹುಡುಗನಾಗಿ ಬೆಳೆದದ್ದೂ ಅಲ್ಲೇ. ಹಳೆಯ ಮನೆಯ ಜಾಗದಲ್ಲಿ ಯಾರದೋ ಕುರಿದೊಡ್ಡಿ ಇತ್ತು. ತಾಯಿಯ ಓರಗೆಯವರು ಒಬ್ಬರೂ ಉಳಿದಿರಲಿಲ್ಲ. ಅಜ್ಜ ಭಜನೆ ಕಲಿಸುತ್ತಿದ್ದ ಗುಡಿಯ ಕಟ್ಟೆ ಮಾತ್ರ ಹಾಗೇ ಇತ್ತು. ಮಾಸ್ತರರು ಅದರ ಮೇಲೆ ಕುಳಿತು, ಗೋಡೆಯ ಆಚೆ ಬದಿ ತೋರಿಸಿದರು.

"ಅಮ್ಮ ನನ್ನ ಕರಕೊಂಡು ಬಂದು ಅಲ್ಲಿ ಹೊರಗ ಕುಂದರತಿದ್ದಳು. ಮಂದಿ ಮನಿ ಶೇಂಗಾ ಸುಲಿಯಾಕ ತರತಿದ್ದಳು. ಒಳಗ ಅಜ್ಜ ನನಗ ತೊಡಿಗೆ ಹೊಡೀತಿದ್ದ."

"ಯಾಕ?"

"ಈ ಪದ ಇತ್ತಲ್ಲ, ಬಿತ್ತಿದ ಹೊಲ. ಸಣ್ಣಾವ ಇದ್ದೆ, ಉಸಿರು ಸಾಲತಿದ್ದಿಲ್ಲ. 'ಊರ' ಅಂದು ನಿಂತು, ಉಸಿರು ತಗೊಂಡು, ಆಮ್ಯಾಲೆ 'ಸೇರಬೇಕೋ' ಅಂತಿದ್ದೆ. ಊರ ಅಂದು ನಡುವ ನಿಂತ್ರ ಊರು ಹೆಂಗ ಸೇರತೀಯೋ ಮಗನ, ಅಂತ ಪಟ್ ಅಂತ ಒಂದು ಏಟು. ಬಿಡಿಸಾಕ ಭಾಳ ದಿನ ಬೇಕಾತು ಅಜ್ಜಗ." ಅವರು ಬಾಯಲ್ಲೇ, ಪೇಟಿ ಇಲ್ಲದೆ, ಮೊದಲು ತಪ್ಪಾಗಿ ಹಾಡಿ ತೋರಿಸಿದರು, ಆಮೇಲೆ ಒಂದೇ ಉಸಿರಿನಲ್ಲಿ ಸರಿಯಾಗಿ. "ಉಸಿರು ಬಂದ ಮ್ಯಾಲೆ ಅಜ್ಜನ ಮೇಳದ ಜೋಡಿ ಊರು ಬಿಟ್ಟೆ. ಮತ್ತ ಮನಿ ಕಡಿ ತಿರಗಿ ನೋಡಲಿಲ್ಲ."

ಹಟ್ಟಿಯಲ್ಲಿ ಅವರ ಖಾಲಾ ಇದ್ದರು, ತಾಯಿಯ ತಂಗಿ. ಗಂಡ ಚಿನ್ನದ ಗಣಿಯಲ್ಲಿ ಇದ್ದವರು, ಈಗ ಮಗ ಇದ್ದಾನೆ. ಕಂಪನಿಯ ಸಣ್ಣ ಮನೆ. ಖಾಲಾಗೆ ಕಿವಿ ಮಂದ. ಮಾಸ್ತರರು ಕಿವಿಯ ಹತ್ತಿರ ಬಾಗಿ ಎರಡು ಮೂರು ಸಲ ಕೇಳಿದರು. "ಮೇರೆಕು ನೈ ಮಾಲೂಮ್ ರೇ" ಎಂದಳು ಮುದುಕಿ, ತನಗೆ ಗೊತ್ತಿಲ್ಲವೆಂದು ತಲೆಯಾಡಿಸಿ. ಅಷ್ಟರಲ್ಲಿ ಪಾಳಿಯ ಸೈರನ್ ಕೂಗಿತು. ಅದು ಮಾತ್ರ ಆಕೆಗೆ ಕೇಳಿಸಿತು. ಸೈರನ್ ನಿಂತ ಮೇಲೆ ಏನೋ ನೆನಪಾದಂತೆ, ನನಗೂ ತಿಳಿಯಲಿ ಎಂದು ಕನ್ನಡದಲ್ಲಿ ಹೇಳಿದಳು: "ಮನ್ಯಾಗ ಹಾಡಿದ್ರ ನಮ್ಮಪ್ಪ ಬಡೀತಿದ್ದ. ಆಕಿ ಭತ್ತ ಹಚ್ಚಾಕ ಜವಳಗೇರಾ ಕಡಿ ಹೋಗತಿದ್ದಳಲ್ಲ ಹೆಣಮಕ್ಕಳ ಜೋಡಿ, ಅಲ್ಲಿ ಹಾಡತಿದ್ದಳಂತ. ಬಂದೋರು ಹೇಳತಿದ್ರು. ನಾ ಕೇಳಿಲ್ಲ."

ಮಾಸ್ತರರು ಆಗಲೇ ಜವಳಗೇರಾಕ್ಕೆ ನಡಿ ಎಂದರು. ಹಟ್ಟಿ ಎಲ್ಲಿ, ಜವಳಗೇರಾ ಎಲ್ಲಿ. ಲಿಂಗಸುಗೂರು ದಾಟಿ, ಮಸ್ಕಿ ದಾಟಿ, ಸಿಂಧನೂರು ದಾಟಿ ಹೋಗಬೇಕು. ಮರುದಿನ ನನಗೊಂದು ಮದುವೆಯ ಮೈಕಿತ್ತು. ಮಸ್ಕಿಗೆ ಬಂದಾಗ ನನ್ನ ಅಂಗಡಿ ಮುಂದೆ ಗಾಡಿ ನಿಲ್ಲಿಸಿ ಹೇಳಿದೆ: "ಸಾಕು ಮಾಡ್ರಿ ಮಾಸ್ತರ. ಮುದುಕಿ ಏನೋ ಒಂದು ಗುನುಗಿರತಾಳ. ಯಾವುದರ ಒಂದು ಪದ ಇತ್ತು ಅಂತ ತಿಳಕೊಂಡು ಪೇಟಿ ಬಿಚ್ಚರಿ."

ಅವರು ಚೀಲ ಎತ್ತಿಕೊಂಡು ಇಳಿದು, ಬಸ್ ಸ್ಟ್ಯಾಂಡಿನ ಕಡೆ ನಡೆದರು. ಹೋಗಲಿ ಎಂದು ನಾನು ಒಳಗೆ ಹೋದೆ. ನನ್ನ ಹೆಂಡತಿ ಬಾಗಿಲಲ್ಲೇ ನಿಂತಿದ್ದಳು. "ತಾಯಿ ಸತ್ತಾವನ್ನ ನಡುದಾರ್ಯಾಗ ಇಳಿಸಿ ಬಂದೀಯಲ್ಲ, ನೀ ಮನಷ್ಯಾ ಏನು?" ಎಂದಳು. ಊಟಕ್ಕೂ ಬಡಿಸುವ ಲಕ್ಷಣ ಕಾಣಲಿಲ್ಲ. ಮದುವೆಯ ಮೈಕನ್ನು ಪರಿಚಯದ ಇನ್ನೊಬ್ಬರಿಗೆ ಒಪ್ಪಿಸಿ, ಗಾಡಿ ತಿರುಗಿಸಿಕೊಂಡು ಹೋದೆ. ಮಾಸ್ತರರು ಬಸ್ ಸ್ಟ್ಯಾಂಡಿನಲ್ಲಿ ಪೇಟಿಯ ಮೇಲೆ ಕುಳಿತಿದ್ದರು. ನಾನು ಬಂದೇ ಬರುತ್ತೇನೆ ಎಂದು ಗೊತ್ತಿದ್ದವರ ಹಾಗೆ ಎದ್ದು ಹತ್ತಿದರು. ಅದು ನನಗೆ ಇನ್ನಷ್ಟು ಸಿಟ್ಟು ತರಿಸಿತು.

ಸಿಂಧನೂರು ಮುಟ್ಟುವಷ್ಟರಲ್ಲಿ ಕತ್ತಲಾಗಿತ್ತು, ಅಲ್ಲೇ ಗಾಡಿ ನಿಲ್ಲಿಸಿ ಮಿರ್ಚಿ ಕೊಡಿಸಿದೆ. ಮಾಸ್ತರರು ಒಂದು ಕಚ್ಚಿ ಪೇಪರಿನಲ್ಲಿ ಹಾಗೇ ಇಟ್ಟರು. ಅವರು ಮಿರ್ಚಿ ಬಿಟ್ಟದ್ದನ್ನು ನಾನು ನೋಡಿದ್ದು ಅದೇ ಮೊದಲು. ಆಗ ನನ್ನ ಸಿಟ್ಟು ಇಳಿಯಿತು.

ರಾತ್ರಿ ಗಾಡಿಯಲ್ಲೇ ಕಳೆದು ಬೆಳಿಗ್ಗೆ ಹೋದಾಗ ಜವಳಗೇರಾದ ಸುತ್ತ ಕಾಲುವೆಗೆ ನೀರು ಬಿಟ್ಟು ನಾಟಿ ಜೋರಾಗಿ ನಡೆದಿತ್ತು. ರಸ್ತೆಯ ಎರಡೂ ಬದಿ ಕೆಸರು ಗದ್ದೆ, ಬಾಗಿದ ಬೆನ್ನುಗಳು, ಬದುವಿನ ಮೇಲೆ ಟ್ರ್ಯಾಕ್ಟರು. ಗುರುಗುಂಟಾ ಕಡೆಯ ಹೆಣ್ಣುಮಕ್ಕಳು ಎಲ್ಲಿ ಇಳಿದಿದ್ದಾರೆ ಎಂದು ಕೇಳುತ್ತಾ ಹೋದೆವು. ವಲಸೆ ರೈತರ ಒಂದು ಕ್ಯಾಂಪಿನ ಹತ್ತಿರ ಸಿಕ್ಕರು. ಅವರ ಮುಂದಾಳು ಒಬ್ಬ ವಯಸ್ಸಾದ ಹೆಂಗಸು, ಸೊಂಟಕ್ಕೆ ಸೆರಗು ಬಿಗಿದು, ಬದುವಿನ ಮೇಲೆ ಕುಳಿತು ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದಳು. ಮಾಸ್ತರರು ತಾವು ಯಾರು ಎಂದು ಹೇಳದೆ, ತಾಯಿಯ ಹೆಸರು, ಮನೆ ಗುರುತು ಹೇಳಿ, ಗೊತ್ತೇ ಎಂದು ಕೇಳಿದರು.

"ಗೊತ್ತಿಲ್ಲದ ಏನು? ನನ್ನ ಮುಂಚೆ ಈ ಗುಂಪಿಗೆ ಮುಂದಾಳು ಆಕಿನ. ಹೋದಳಂತಲ್ಲ, ಪಾಪ. ಆಕಿ ಹಾಡು ಎತ್ತಿದ್ರ ನಮ್ಮ ಕೈ ತಾವ ನಡೀತಿದ್ದವು."

ಮಾಸ್ತರರು ಆಕೆಯ ಮುಂದೆ ಕುಕ್ಕರಗಾಲಲ್ಲಿ ಕುಳಿತರು. "ಏನ ಹಾಡತಿದ್ದಳು?"

"ಅದ, ಈಗೂ ನಾವು ಹಾಡತೀವಲ್ರಿ."

"ಒಂದಿಷ್ಟು ಹಾಡು ಯವ್ವಾ."

"ಒಣ ನೆಲದಾಗ ಕುಂತು ಹೆಂಗ ಹಾಡಲಿ? ತಡೀರಿ." ಎದ್ದು, ಎಲೆ ಉಗಿದು, ಸೀರೆ ಎತ್ತಿಕಟ್ಟಿ ಕೆಸರಿಗೆ ಇಳಿದಳು. ಸಾಲಿನ ತುದಿಯಲ್ಲಿ ನಿಂತು ದನಿ ಎತ್ತಿದಳು. ಉಳಿದವರು ಹಿಡಿದರು.

"ಬಿತ್ತಿದ ಹೊಲ ಬಿಟ್ಟು ಹೊತ್ತು ಹೋಗುವ ಮುಂದ ಊರ..."

ಅಲ್ಲಿಗೆ ಎಲ್ಲರೂ ನಿಂತರು. ಅಷ್ಟೂ ಕೈಗಳು ಒಮ್ಮೆಗೇ ಕೆಸರಿಗೆ ಇಳಿದು ಸಸಿ ಊರಿದವು. ಉಸಿರು ಎಳೆದುಕೊಂಡ ಸದ್ದು ಬದುವಿನ ತನಕ ಕೇಳಿಸಿತು. ಆಮೇಲೆ, "ಸೇರಬೇಕೋ ಅಣ್ಣ."

ಹಿಂದಿನ ದಿನವಷ್ಟೇ ಗುಡಿಯ ಕಟ್ಟೆಯ ಮೇಲೆ ಕೇಳಿದ ಆ ಸಣ್ಣ ಹುಡುಗನ ತಪ್ಪು, ಅದೇ ಜಾಗದಲ್ಲಿ, ಅದೇ ಅಳತೆಯಲ್ಲಿ, ಒಂದು ಗುಂಪು ಹೆಂಗಸರ ಬಾಯಲ್ಲಿತ್ತು. ಸಿಕ್ಕಿತಲ್ಲ ಎಂದು ನಾನು ಮಾಸ್ತರರ ಕಡೆ ತಿರುಗಿದೆ. ಅವರ ಮುಖದಲ್ಲಿ ಸಂತೋಷ ಇರಲಿಲ್ಲ. ಎರಡನೇ ಸಲ ಪಲ್ಲವಿ ಬರುತ್ತಲೂ ಕೈ ಎತ್ತಿ ಕೂಗಿಬಿಟ್ಟರು:

"ತಪ್ಪು ಅದು! ಅಲ್ಲಿ ಉಸಿರು ತಗೋಬಾರದು. ಒಂದ ಉಸಿರಿಗೆ ಹೋಗಬೇಕು."

ಹಾಡು ನಿಂತಿತು. ಮುಂದಾಳು ಸೊಂಟದ ಮೇಲೆ ಕೆಸರುಗೈ ಇಟ್ಟುಕೊಂಡು ಇವರನ್ನು ಮೇಲಿಂದ ಕೆಳಗೆ ನೋಡಿದಳು.

"ಯಾರ್ರೀ ನೀವು ತಿದ್ದಾಕ? ಆಕಿ ಮಗ ಹಿಂಗ ಹಾಡತಿದ್ದನಂತ. ಆಕಿನ ಹೇಳ್ಯಾಳ. ಇಲ್ಲಿ ನಿಂದರಬೇಕು, ನನ್ನ ಮಗ ಇಲ್ಲೇ ನಿಂದರತಿದ್ದ, ಅಂತ ನಮ್ಮ ಕೈ ಹಿಡಿದು ಕಲಿಸ್ಯಾಳ. ಆಕಿ ಮಗ ದೊಡ್ಡ ಹಾಡುಗಾರ ಅದಾನ ತಿಳೀತಿಲ್ಲ? ಅವಗಿಂತ ನೀವು ಹೆಚ್ಚಿನೋರೇನು?"

ಇವರೇ ಆ ಮಗ ಎಂದು ಹೇಳಲು ನಾನು ಬಾಯಿ ತೆರೆದೆ. ಮಾಸ್ತರರು ನನ್ನ ಮುಂಗೈ ಹಿಡಿದು ಒತ್ತಿದರು. ಆ ಬೆರಳುಗಳಲ್ಲಿ ಅಷ್ಟು ಬಲ ಇತ್ತೆಂದು ನನಗೆ ಗೊತ್ತಿರಲಿಲ್ಲ. "ಇಲ್ಲವ್ವಾ, ತಪ್ಪಾತು. ನೀವು ಹಾಡ್ರಿ" ಎಂದು ಕೈ ಮುಗಿದು, ಗಾಡಿಯ ಕಡೆ ನಡೆದರು.

ದಾರಿಯಲ್ಲಿ ನಾನು ಸಮಾಧಾನದ ಮಾತು ಹುಡುಕಿದೆ. ನಾಟಿ ಹಚ್ಚುವವರಿಗೆ ಕೈ ಊರಲು ಅಲ್ಲಿ ಬಿಡುವು ಬೇಕಲ್ಲ, ಅದಕ್ಕೇ ಹಾಗೆ ಹಾಡುತ್ತಾರೆ, ಕೆಲಸದ ಸಲುವಾಗಿ ಇರಬೇಕು ಎಂದೆ. ಅವರು ಕಿಟಕಿಯಿಂದ ಮುಖ ತಿರುಗಿಸಲಿಲ್ಲ.

"ಉಸಿರು ಸಾಲದಾವನ ಹಾಡು ಆಕಿ ಕೇಳಿದ್ಲು. ಉಸಿರು ಬಂದ ಮ್ಯಾಲಿನ ಹಾಡು ಊರೆಲ್ಲಾ ಕೇಳ್ಯಾರ, ಆಕಿ ಒಬ್ಬಾಕಿ ಕೇಳಿಲ್ಲೋ. ಒಂದು ಸಲ ಕೇಳಿದ್ರ ತಿದ್ದಿಕೋತಿದ್ದಳು." ಸಿಂಧನೂರು ದಾಟಿದ ಮೇಲೆ ಮತ್ತೆ ಹೇಳಿದರು: "ಗುನುಗತಿದ್ದಳೋ ಇಲ್ಲೋ, ಹೊಲದಾಗ ಹಾಡ್ಯಾಳ. ಮನ್ಯಾಗ ಒಬ್ಬಾಕಿನ ಇದ್ದಾಗ ಆಕಿ ಬಾಯಾಗ ನಾ ಇದ್ದೆನೋ ಇಲ್ಲೋ, ಅದನ್ನ ಯಾರ ಕೇಳಲಿ? ನಮ್ಮಣ್ಣ ಹಾಡತಿದ್ದಿಲ್ಲ ಅಂದ. ನನ್ನ ಮರ್ತಿರಬೇಕು ಆಕಿ."

ಪೇಟಿ ಬಿಚ್ಚಿದರು. ಮುಂದಿನ ಸಾವಿನ ಮನೆಯಲ್ಲಿ ಎಂದಿನಂತೆ ಕೇಳಿದರು, ಎಂದಿನಂತೆ ಹಾಡಿದರು. ಆದರೆ ಕೊನೆಯ ಪದಕ್ಕೆ ಬಂದಾಗ "ಊರ" ಎಂದು ನಿಂತು, ಉಸಿರು ಎಳೆದುಕೊಂಡು, ಆಮೇಲೆ "ಸೇರಬೇಕೋ" ಎಂದರು. ತಬಲಾದವನಿಗೆ ತಾಳ ತಪ್ಪಿತು. ಜನ ಒಬ್ಬರ ಮುಖ ಒಬ್ಬರು ನೋಡಿದರು. ಎರಡು ಮೂರು ಮನೆಗಳಲ್ಲಿ ಹಾಗೇ ಆಯಿತು. ಮಾಸ್ತರರಿಗೆ ವಯಸ್ಸಾಯಿತು, ಮೊದಲಿನ ಉಸಿರು ಇಲ್ಲ ಎಂದು ಮಸ್ಕಿಯ ಚಹಾದಂಗಡಿಗಳಲ್ಲಿ ಮಾತು ಹುಟ್ಟಿತು. ಅವರ ಮುಂದೆಯೇ ಒಬ್ಬ, "ದವಾಖಾನಿಗೆ ತೋರಸ್ರಿ ಮಾಸ್ತರ" ಎಂದ. ಮೊದಲಾಗಿದ್ದರೆ ಆ ಒಂದು ಮಾತಿಗೆ ಅವನ ಮುಖದ ಮೇಲೆ ಚಹಾ ಎರಚುತ್ತಿದ್ದ ಮನುಷ್ಯ, "ಹೌದೋ, ಸಾಲವಲ್ದು" ಎಂದರು. ನಾನು ರೇಗಿ, ನಿಜ ಹೇಳಿಬಿಡಲೇ ಎಂದಾಗ, "ಅಂದುಕೊಳ್ಳಲಿ ಬಿಡು" ಎಂದು ಇಸ್ಪೀಟು ಹಂಚಿದರು. ಕರೆಗಳು ಕಡಿಮೆಯಾದವು.

ಕೊನೆಗೆ ಉಸಿರು ನಿಜವಾಗಿಯೇ ಕಡಿಮೆಯಾಯಿತು. ದಮ್ಮು ಹತ್ತಿತು. ಖೋಲಿಯ ಮೆಟ್ಟಿಲು ಏರಲಾರದಂತಾದರು. ಅಣ್ಣನೇ ಬಂದು ಲಿಂಗಸುಗೂರಿಗೆ ಕರೆದೊಯ್ದರು. ಊರೂರು ತಿರುಗಿದವರು ಅಲ್ಲಿ, ತಾಯಿ ಮಲಗುತ್ತಿದ್ದ ಜಾಗದಲ್ಲಿ, ಸ್ವಲ್ಪ ದಿನ ಮಲಗಿದ್ದು ಹೋದರು.

ಮಣ್ಣಾದ ಮೂರನೇ ದಿನ ಅಣ್ಣನನ್ನು ಮಾತಾಡಿಸಿಕೊಂಡು ಬರೋಣ ಎಂದು ಹೋದೆ. ಮಧ್ಯಾಹ್ನ. ಅಂಗಡಿ ಮುಚ್ಚಿತ್ತು. ಅಣ್ಣ ಒಬ್ಬರೇ ಹೊರಗೆ ಕುರ್ಚಿ ಹಾಕಿಕೊಂಡು ಕುಳಿತಿದ್ದರು. ಪೇಟಿಯ ಚೀಲ ಬಾಗಿಲ ಪಕ್ಕದಲ್ಲಿ ಗೋಡೆಗೆ ಒರಗಿತ್ತು. ಚಹಾ ಬಂತು. ಕುಡಿದು ಏಳಬೇಕು ಎನ್ನುವಾಗ ಅವರು ಕೇಳಿದರು:

"ನೀವು ಅವನ ಜೋಡಿ ಭಾಳ ತಿರಗೀರಿ. ಅವ ಏನ ಗುನುಗತಿದ್ದ ರೀ?"

ಇಷ್ಟು ವರ್ಷ ಮಾಸ್ತರರ ಬಾಯಲ್ಲಿ ಕೇಳಿದ ಪ್ರಶ್ನೆ ಅದು. ಮಾಸ್ತರರ ಸಲುವಾಗಿ ಯಾರಾದರೂ ಕೇಳಿಯಾರು ಎಂದು ನಾನು ಯೋಚಿಸಿರಲೇ ಇಲ್ಲ. ನನಗೆ ಹಾಡಲು ಬರುವುದಿಲ್ಲ. ಆದರೂ ಆ ಬೀದಿಯಲ್ಲಿ, ಯಾರಿಗೂ ಕೇಳಿಸದಷ್ಟು ಸಣ್ಣ ದನಿಯಲ್ಲಿ ಶುರು ಮಾಡಿದೆ. ಬಿತ್ತಿದ ಹೊಲ ಬಿಟ್ಟು, ಹೊತ್ತು ಹೋಗುವ ಮುಂದ, ಊರ. ಅಲ್ಲಿಗೆ ನಿಂತೆ.

"ಸೇರಬೇಕೋ ಅಣ್ಣ" ಎಂದರು ಅವರು.

ಸರಿಯಾದ ಸ್ವರದಲ್ಲಿ ಎಂದರು. ಸರಿಯಾದಷ್ಟು ಹೊತ್ತು ಬಿಟ್ಟು ಎಂದರು. ನಾನು ಅವರ ಮುಖವನ್ನೇ ನೋಡಿದೆ. ಭಜನೆಯ ಹತ್ತಿರ ಒಂದು ದಿನವೂ ಸುಳಿಯದ ಮನುಷ್ಯ. "ನಿಮಗ ಹೆಂಗ ಗೊತ್ತು?" ಎಂದೆ.

ಅವರು ಚಹಾದ ಕಪ್ಪನ್ನು ಕುರ್ಚಿಯ ಕೆಳಗೆ ಇಟ್ಟರು.

"ಅಮ್ಮಾ ಗುನುಗತಿದ್ದಳು. ನಳದಾಗ ನೀರು ಬಂದಾಗ, ತಸಬಿ ಎಣಸೂ ಮುಂದ, ಕೊನಿಗೆ ಹಾಸಿಗಿ ಹಿಡಿದಾಗೂ ಇದ. ದಿನಾ. ಅವ ಬಂದು ಕೇಳಿದಾಗ ಇಲ್ಲ ಅಂದೆ." ಬಾಗಿಲ ಕಡೆ ಕೈ ತೋರಿಸಿದರು. "ಉಣಿಸಿದಾವ ನಾನು. ಎತ್ತಿ ಮಲಗಿಸಿದಾವ ನಾನು. ಆಕಿ ಬಾಯಾಗ ಮಾತ್ರ ಅವ. ಹೇಳಬೇಕು ಅಂತ ಎಷ್ಟೋ ಸಲ ಅಂದುಕೊಂಡೆ. ಇಲ್ಲಿ ಮಲಗಿದ್ದನಲ್ಲ, ಆಗೂ ಅಂದುಕೊಂಡೆ."

ನನಗೆ ಬಂದ ಸಿಟ್ಟಿಗೆ ಆ ಕುರ್ಚಿ ಎತ್ತಿ ಬಡಿಯಬೇಕು ಎನಿಸಿತು. ಇವರು ಒಂದು ಮಾತು ಹೇಳಿದ್ದರೆ ಆ ಮನುಷ್ಯ ನನ್ನ ಗಾಡಿಯಲ್ಲಿ ಹಾಗೆ ಕಿಟಕಿ ಕಡೆ ಮುಖ ಮಾಡಿ ಕುಳಿತಿರುತ್ತಿರಲಿಲ್ಲ. ಬೈಯಲು ಬಾಯಿಯನ್ನೂ ತೆರೆದೆ. ಅಷ್ಟರಲ್ಲಿ ಅವರು ಗೋಡೆಗೆ ಒರಗಿದ್ದ ಚೀಲದ ಮೇಲೆ ಕೈ ಇಟ್ಟು, ತಮಗೆ ತಾವೇ ಎಂಬಂತೆ, ಮತ್ತೆ ಮೊದಲಿನಿಂದ ಗುನುಗತೊಡಗಿದರು. ನಾನು ಬಾಯಿ ಮುಚ್ಚಿ ಕುಳಿತೆ. "ಊರ" ಎಂಬಲ್ಲಿ ಅವರು ಉಸಿರು ತಗೊಂಡರು.